ಸುಂಟರಗಾಳಿ ಬೀಸಲಿಲ್ಲ ಎಂಬ ಉಪನ್ಯಾಸ

ಎಂಬತ್ತನಾಲ್ಕನೆಯ ಇಸವಿಯ ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ವೋಲ್ಗಾ ಸೀಮೆಯ ನಮ್ಮ ಇವಾನೊವೊ ನಗರದಲ್ಲಿ ಜೋರು ಗಾಳಿ ಬೀಸಿತು. ಎಷ್ಟು ಜೋರು ಎಂದು ಪತ್ರಿಕೆ ಬರೆಯಲಿಲ್ಲ. ಅದು ಕೊಟ್ಟದ್ದು ನಾಲ್ಕು ಸಾಲು: ಗಾಳಿ ಬೀಸಿದೆ, ಸಾವುನೋವು ಸಂಭವಿಸಿದೆ, ಕ್ರಮ ಕೈಗೊಳ್ಳಲಾಗಿದೆ. ಗಾಳಿಯ ಮೇಲೆ ಏನು ಕ್ರಮ ಕೈಗೊಂಡರೋ ತಿಳಿಯದು. ಬಹುಶಃ ಛೀಮಾರಿ ಹಾಕಿ ಬೇರೆ ಪ್ರಾಂತ್ಯಕ್ಕೆ ವರ್ಗ ಮಾಡಿರಬೇಕು.

ನಾನು ಆಗ ನಮ್ಮ ಬಟ್ಟೆ ಗಿರಣಿಯ ಸಂಸ್ಕೃತಿ ಭವನದಲ್ಲಿ ಮೈಕ್ ನೋಡಿಕೊಳ್ಳುತ್ತಿದ್ದೆ. ಹಬ್ಬಕ್ಕೆ ಅಕಾರ್ಡಿಯನ್, ಚುನಾವಣೆಗೆ ಭಾಷಣ, ಬುಧವಾರಕ್ಕೆ ಸವೇಲಿಚ್. ಪೂರ್ತಿ ಹೆಸರು ವೆನಿಯಾಮಿನ್ ಸವೇಲಿಯೆವಿಚ್ ಕೊರೀತಿನ್. ಜನಸಾಮಾನ್ಯರಿಗೆ ವಿಜ್ಞಾನ ತಿಳಿಸುವ ಸಂಘದ ಉಪನ್ಯಾಸಕ. ಪಾಳಿ ಮುಗಿಸಿದ ನೇಕಾರ ಹೆಂಗಸರನ್ನು ಮನೆಗೆ ಬಿಡದೆ ಕೂರಿಸಿ ಅವರಿಗೆ ಚಂದ್ರನ ಕಲೆ, ಜೇನಿನ ಬಾಳು, ದೇವರ ಇಲ್ಲದಿರುವಿಕೆ ಇತ್ಯಾದಿಗಳನ್ನು ವಿವರಿಸುವುದು ಅವನ ಉದ್ಯೋಗ. ಗಂಟಲು ಮಾತ್ರ ಬಂಗಾರದ್ದು. ಅವನು "ಹವಾಮಾನ" ಎಂದರೆ ಹೊರಗೆ ಗುಡುಗಿದ ಹಾಗಾಗುತ್ತಿತ್ತು.

ಆ ಶನಿವಾರಕ್ಕೆ ಸ್ವಲ್ಪ ಮುಂಚೆ ಅವನ ಉಪನ್ಯಾಸದ ವಿಷಯ ಪ್ರಕೃತಿ ವಿಕೋಪ. ಕೊನೆಗೆ ಕಾಪಾ ಚಿಕ್ಕಮ್ಮ ಎದ್ದು ನಿಂತಳು. ಕಾಪಿತೋಲಿನಾ ಎಂಬುದು ಅವಳ ಹೆಸರು, ಗಿರಣಿಗೆಲ್ಲ ಅವಳು ಚಿಕ್ಕಮ್ಮ. ನೇಯ್ಗೆ ವಿಭಾಗದಲ್ಲಿ ಅವಳಷ್ಟು ಹಳಬಳು ಇನ್ನೊಬ್ಬಳಿಲ್ಲ, ಅವಳಷ್ಟು ಬಾಯಾಳಿಯೂ ಇಲ್ಲ.

"ಸವೇಲಿಚ್, ಸಿನಿಮಾಗೆ ಮುಂಚೆ ಅಮೆರಿಕದ್ದೇನೋ ತೋರ್ಸಿದ್ರಲ್ಲ, ಮನೇನೇ ಎತ್ಕೊಂಡ್ ಹೋಗೋ ಸುಂಟರಗಾಳಿ. ಅದು ನಮ್ಮಲ್ಲಿಗೂ ಬರತ್ತಾ?"

"ಕಾಪಿತೋಲಿನಾ ಯೆಗೋರೊವ್ನಾ, ಅದು ಅಮೆರಿಕದ ಪಾಡು. ನಮ್ಮಲ್ಲಿ ಅದಕ್ಕೆ ಬೇಕಾದ ಪರಿಸ್ಥಿತಿಯೇ ಇಲ್ಲ."

"ನಮ್ಮಲ್ಲಿ ಅಂಗಡೀಲಿ ಸಾಸೇಜೂ ಇಲ್ವಲ್ಲಪ್ಪ, ಅದಕ್ಕೂ ಪರಿಸ್ಥಿತಿ ಇಲ್ವಾ?"

ಸಭೆ ಬಿದ್ದು ಬಿದ್ದು ನಕ್ಕಿತು. ಮೂರನೆಯ ಸಾಲಿನಲ್ಲಿ ಸವೇಲಿಚ್‌ನ ಹೆಂಡತಿ ಫಾಯಿನಾ ಮಾತ್ರ ನಗಲಿಲ್ಲ. ಅವಳೂ ಅದೇ ಗಿರಣಿಯ ನೇಕಾರಳು. ಗಂಡ ಓದಿದವನು ಎಂಬ ಹೆಮ್ಮೆಯನ್ನು ಅವಳು ಹಬ್ಬದ ಶಾಲಿನಂತೆ ಹೊದ್ದು ಓಡಾಡುತ್ತಿದ್ದಳು. ಕಾಪಾ ಕಡೆ ತಿರುಗಿ ಸದ್ದಿಲ್ಲದೆ ಬರೀ ತುಟಿ ಆಡಿಸಿದಳು: "ಕೂತ್ಕೊಳೇ, ಮೊಳೆ ಕಿತ್ತ ಸ್ಟೂಲು."

ಈ ತುಟಿಯಾಟ ನಮ್ಮೂರಿನ ಕಸುಬಿನದು. ನೇಯ್ಗೆ ವಿಭಾಗದಲ್ಲಿ ನೂರಾರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವಾಗ ಕಿವಿಯ ಹತ್ತಿರ ಕಿರುಚಿದರೂ ಕೇಳಿಸುವುದಿಲ್ಲ. ಹಾಗಾಗಿ ಹೆಂಗಸರು ಕಿರುಚುವ ಗೋಜಿಗೇ ಹೋಗದೆ ತುಟಿಯಲ್ಲೇ ಹರಟುತ್ತಾರೆ. ಈ ಗೋಡೆಯ ಹತ್ತಿರ ನಿಂತವಳು ಆ ಗೋಡೆಯ ಹತ್ತಿರದವಳಿಗೆ ಅತ್ತೆಯ ದೂರು ಹೇಳುತ್ತಾಳೆ, ನಡುವೆ ಇರುವವರೆಲ್ಲ ತಮ್ಮ ಅಭಿಪ್ರಾಯ ಸೇರಿಸುತ್ತಾರೆ. ಅಭ್ಯಾಸ ಮನೆಗೂ ಟ್ರಾಮಿಗೂ ಬರುತ್ತದೆ. ನೇಕಾರಳ ಹೊಟ್ಟೆಯಲ್ಲಿ ಹುಟ್ಟಿದ ನನಗೆ ಅದು ತಾಯಿನುಡಿ. ನೇಕಾರಳನ್ನು ಕಟ್ಟಿಕೊಂಡ ಸವೇಲಿಚ್‌ಗೆ ಅದು ಮಾವನ ಮನೆಯ ಬಳುವಳಿ. ಹೊರಗಿನವರಿಗೆ ಮಾತ್ರ ಅದು ಹೆಂಗಸರು ಏನನ್ನೋ ಮೆಲ್ಲುತ್ತಿರುವಂತೆ ಕಾಣುತ್ತದೆ.

ಶನಿವಾರ ಬೆಳಗಿನಿಂದ ಉಸಿರು ಕಟ್ಟುವ ಸೆಕೆ. ಮರುದಿನ ಚರ್ಚಿನ ತ್ರಿತ್ವದ ಹಬ್ಬ, ಅದರ ಹಿಂದಿನ ದಿನ ಸತ್ತವರಿಗೆ ಹೂವಿಡುವ ಪದ್ಧತಿ; ಅರ್ಧ ಊರು ಸಮಾಧಿಗಳ ಹತ್ತಿರ, ಉಳಿದರ್ಧ ಊರಾಚೆಯ ತರಕಾರಿ ತೋಟಗಳಲ್ಲಿ. ಫಾಯಿನಾ ತನ್ನ ತುಂಡು ತೋಟದ ಸೌತೆ ಸಸಿಗಳಿಗೆ ನೀರು ಹಾಕಲು ಹೋಗಿದ್ದಳು. ಸವೇಲಿಚ್ ಮನೆಯಲ್ಲಿ ಕೂತು ಮುಂದಿನ ಬುಧವಾರದ ಉಪನ್ಯಾಸ ಸಿದ್ಧಮಾಡುತ್ತಿದ್ದ. ನಾನು ಭವನದ ಮಹಡಿಯಲ್ಲಿ ತಂತಿ ಸುತ್ತುತ್ತಿದ್ದೆ. ಆಕಾಶ ಮಸಿಯಾಯಿತು. ಮೊಟ್ಟೆ ಗಾತ್ರದ ಆಲಿಕಲ್ಲು ಬಿತ್ತು. ಆಮೇಲೆ ಊರಿನ ಎಲ್ಲ ಗಿರಣಿಗಳ ಎಲ್ಲ ಮಗ್ಗಗಳೂ ಬಯಲಿಗೆ ಬಂದು ಒಟ್ಟಿಗೆ ಬಡಿದುಕೊಂಡ ಹಾಗೆ ಸದ್ದು. ಕಿಟಕಿಯಲ್ಲಿ ನೋಡಿದರೆ ತೋಟಗಳ ಕಡೆ ಒಂದು ಕಪ್ಪು ಕಂಬ, ಅದರ ಸುತ್ತ ಕಾಗೆಗಳು. ಕಾಗೆಗಳಲ್ಲ, ಮನೆಯ ಚಾವಣಿಗಳು.

ಕಂಬ ಬೇಗ ಹೋಯಿತು. ಅದು ಹೋದ ದಾರಿಯಲ್ಲಿ ಕಾಡು ಕ್ಷೌರವಾಗಿತ್ತು, ಕ್ರೇನು ಮಗುಚಿತ್ತು, ಬಸ್ಸು ಹೊಲದಲ್ಲಿ ಅಂಗಾತ ಮಲಗಿತ್ತು.

ಸವೇಲಿಚ್ ತೋಟಕ್ಕೆ ಓಡಿದ. ಅವರ ಗುಡಿಸಲು ಇದ್ದ ಕಡೆ ಇಟ್ಟಿಗೆಯ ಒಲೆ ಒಂದೇ ನಿಂತಿತ್ತು, ಅದರ ಮೇಲೆ ಕೆಟಲ್, ಕೆಟಲಿನಲ್ಲಿ ಬಿಸಿ ನೀರು. ಫಾಯಿನಾ ಇರಲಿಲ್ಲ. ಬೇಲಿ, ಪಕ್ಕದ ಗುಡಿಸಲು, ಅದರ ಪಕ್ಕದ್ದು, ಯಾವುದೂ ಇರಲಿಲ್ಲ. ಅಷ್ಟರಲ್ಲಿ ಸೈನಿಕರು ಬಂದು ಗಾಯಾಳುಗಳನ್ನು ಸಿಕ್ಕಿದ ಲಾರಿಗೆ ಹೇರಿ, ಲಾರಿಯ ಮೂತಿ ಯಾವ ಕಡೆ ಇತ್ತೋ ಆ ಕಡೆಯ ಆಸ್ಪತ್ರೆಗೆ ಕಳಿಸಿಯಾಗಿತ್ತು. ಸತ್ತವರನ್ನು ಬೇರೆ ಲಾರಿಯಲ್ಲಿ.

ಅವನು ಊರಿನ ಆಸ್ಪತ್ರೆಗಳನ್ನೆಲ್ಲ ಸುತ್ತಿದ. ಶವಾಗಾರದ ಬಾಗಿಲಲ್ಲೂ ನಿಂತು, ಬಿಳಿ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಬಟ್ಟೆ ನಮ್ಮ ಗಿರಣಿಯದೇ. ಎಲ್ಲೂ ಅವಳಿರಲಿಲ್ಲ. ಬಂಗಾರದ ಗಂಟಲು ಒಡೆದ ಕೊಳಲಾಯಿತು.

ಗಾಳಿ ಶನಿವಾರವೇ ನಿಂತಿತ್ತು, ಗಾಳಿಮಾತು ನಿಂತಿರಲಿಲ್ಲ. ಸಾವಿರ ಜನ ಸತ್ತರಂತೆ, ಹಸುವೊಂದು ವೋಲ್ಗಾ ದಾಟಿ ಹಾರಿ ಅಲ್ಲಿ ಹಾಲು ಕೊಡುತ್ತಿದೆಯಂತೆ, ಅದು ಗಾಳಿಯೇ ಅಲ್ಲ, ಅಮೆರಿಕದವರ ಹೊಸ ಬಾಂಬಂತೆ. ಇದನ್ನು ಅಡಗಿಸಲು ಪಕ್ಷದ ಮೇಲಿನ ಸಮಿತಿಯಿಂದ ಕಾಮ್ರೇಡ್ ಲುಕೋಶ್ಕಿನ್ ಬಂದ. ಉತ್ತರದ ಮರಮುಟ್ಟಿನ ಸೀಮೆಯವನು, ಗಿರಣಿಯ ಗಾಳಿ ಸೋಕದವನು. ಅವನ ದನಿಯನ್ನು ನಾನು ಈಗಲೂ ಮಾಡಿ ತೋರಿಸಬಲ್ಲೆ: ಮೂಗು ಹಿಡಿದುಕೊಂಡು, ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡು, ಪ್ರತಿ ವಾಕ್ಯದ ಕೊನೆಯಲ್ಲಿ "ಸರಿನಾ?" ಎನ್ನಬೇಕು.

ಅವನು ಸವೇಲಿಚ್‌ನನ್ನು ನಮ್ಮ ಮೈಕಿನ ಕೋಣೆಗೇ ಕರೆಸಿದ. ಬೇರೆ ಕೋಣೆಗಳ ಗಾಜು ಒಡೆದಿದ್ದವು.

"ವೆನಿಯಾಮಿನ್ ಸವೇಲಿಯೆವಿಚ್, ಜನ ಕಂಗಾಲಾಗಿದಾರೆ. ನೀವು ಅವ್ರಿಗೆ ವೈಜ್ಞಾನಿಕವಾಗಿ ತಿಳಿಸ್ಬೇಕು. ಬೀಸಿದ್ದು ಜೋರು ಗಾಳಿ. ಸುಂಟರಗಾಳಿ ಅನ್ನೋ ಮಾತು ಯಾರ ಬಾಯಿಂದಲೂ ಹೊರಡಕೂಡ್ದು. ಸರಿನಾ?"

"ನನ್ನ ಹೆಂಡತಿ ಸಿಕ್ಕಿಲ್ಲ."

"ಅದನ್ನೇ ಹೇಳಕ್ಕೆ ಬಂದೆ. ನಾನೇ ಫೋನ್ ಮಾಡಿ ಕೇಳ್ದೆ. ಫಾಯಿನಾ ಕೊರೀತಿನಾ ಅನ್ನೋ ಹೆಸ್ರು ಗಾಯಾಳುಗಳಲ್ಲೂ ಇಲ್ಲ, ಸತ್ತವರಲ್ಲೂ ಇಲ್ಲ. ಒಳ್ಳೇ ಸುದ್ದಿ ಅಲ್ವಾ? ಅಂದ್ರೆ ಅವ್ರಿಗೆ ಏನೂ ಆಗಿಲ್ಲ. ಸರಿನಾ?"

"ಹಾಗಾದ್ರೆ ಅವಳೆಲ್ಲಿ?"

"ಉಪನ್ಯಾಸ ಮುಗೀಲಿ, ಸುತ್ತಮುತ್ತಲ ಊರುಗಳಿಗೂ ಫೋನ್ ಮಾಡಿಸ್ತೀನಿ. ನಮ್ಮ ಫೋನು ಮಾತ್ರ ಕೆಲ್ಸ ಮಾಡ್ತಿದೆ, ನಿಮಗೇ ಗೊತ್ತು."

ಸವೇಲಿಚ್ ಟೈಪ್ ಮಾಡಿದ ಹಾಳೆಗಳನ್ನು ತೆಗೆದುಕೊಂಡ. "ಓದ್ತೀನಿ," ಎಂದ. ಓದದೆ ಏನು ಮಾಡುತ್ತಾನೆ? ಹೆಂಡತಿಗೆ ಹೋಗುವ ದಾರಿ ಆ ಫೋನಿನೊಳಗಿತ್ತು, ಆ ಫೋನು ಲುಕೋಶ್ಕಿನ್ ಮೇಜಿನ ಮೇಲಿತ್ತು.

ಉಪನ್ಯಾಸದ ದಿನ ಭವನ ತುಂಬಿತ್ತು. ಪಾಳಿ ಬಿಟ್ಟ ಹೆಂಗಸರನ್ನು ಗೇಟಿನಿಂದ ನೇರ ಇಲ್ಲಿಗೇ ತಿರುಗಿಸಿದ್ದರು. ತಲೆಯಲ್ಲಿ ಹತ್ತಿಯ ಎಳೆ, ಮುಖದಲ್ಲಿ ನಿದ್ದೆಗೆಟ್ಟ ಬಣ್ಣ. ಫಾಯಿನಾ ಸಿಕ್ಕಿಲ್ಲವೆಂದು ಎಲ್ಲರಿಗೂ ಗೊತ್ತು. ಅವರವರ ಮನೆಯಲ್ಲೂ ಒಬ್ಬೊಬ್ಬರು ಸಿಕ್ಕಿರಲಿಲ್ಲ. ಸವೇಲಿಚ್ ವೇದಿಕೆಗೆ ಬಂದಾಗ ಯಾರೂ ಗೇಲಿ ಮಾಡಲಿಲ್ಲ. ಮುಂದಿನ ಸಾಲಿನ ನಡುವೆ ಲುಕೋಶ್ಕಿನ್, ಮಂಡಿಯ ಮೇಲೆ ಟೋಪಿ.

"ಗೌರವಾನ್ವಿತ ಕಾಮ್ರೇಡರೇ," ಸವೇಲಿಚ್ ಓದತೊಡಗಿದ, "ಕಳೆದ ಶನಿವಾರ ನಮ್ಮ ನಗರದ ಮೇಲೆ ಋತುಮಾನಕ್ಕೆ ಸಹಜವಾದ ಬಲವಾದ ಗಾಳಿ ಬೀಸಿತು..."

ಅಷ್ಟರಲ್ಲಿ ಬಾಗಿಲು ತೆರೆದು ಕಾಪಾ ಚಿಕ್ಕಮ್ಮ ಒಳಬಂದಳು. ಬೂಟು ತುಂಬ ರಸ್ತೆಯ ದೂಳು, ಕೈಯಲ್ಲಿ ಖಾಲಿ ಬುಟ್ಟಿ. ಅವಳ ತಮ್ಮನನ್ನು ಲಾರಿ ನದಿಯಾಚೆಯ ಊರಿನ ಆಸ್ಪತ್ರೆಗೆ ಒಯ್ದಿತ್ತು. ನೆಂಟರಿಗೆ ಒಳಗೆ ಬಿಡುವುದಿಲ್ಲವೆಂದರೂ ಬಾಗಿಲ ಕಾವಲಿನವಳಿಗೆ ಒಂದು ಬಾಟಲಿ ಚೆರ್ರಿ ಜಾಮ್ ಕೊಟ್ಟು ನುಗ್ಗಿ, ತಮ್ಮನನ್ನು ನೋಡಿಕೊಂಡು ಬಸ್ಸಿಳಿದು ನೇರ ಬಂದಿದ್ದಳು. ನಾಲ್ಕನೆಯ ಸಾಲಿನಲ್ಲಿ ಜಾಗ ಮಾಡಿಕೊಂಡು ಕೂತಳು. ಲುಕೋಶ್ಕಿನ್ ತಿರುಗಿ "ಶ್!" ಎಂದ. ಅವಳು ವಿಧೇಯಳಾಗಿ ತಲೆಯಾಡಿಸಿ, ಸದ್ದು ಮಾಡದೆ ತುಟಿ ತೆರೆದಳು.

"ಸವೇಲಿಚ್, ಫಾಯಾ ಬದ್ಕಿದಾಳೆ."

"...ವಾಯುಮಂಡಲದ ಒತ್ತಡದಲ್ಲಿ..." ಎಂದವನು ತಲೆ ಎತ್ತಿದ. ಒತ್ತಡ ಅಲ್ಲೇ ನಿಂತಿತು.

"ಏನಂದೆ?" ಅವನ ತುಟಿ ಕೇಳಿತು.

"ಬದ್ಕಿದಾಳೆ ಅಂದೆ. ನದಿಯಾಚೆ ಆಸ್ಪತ್ರೇಲಿ, ನನ್ ತಮ್ಮನ ಎದುರು ವಾರ್ಡು. ಕಾಲು ಮುರ್ದಿದೆ. ಹೆದ್ರಿಕೆಗೆ ಗಂಟ್ಲಿಂದ ಸೊಲ್ಲೇ ಹೊರಡ್ತಿಲ್ಲ. ತುಟಿ ಆಡಿಸ್ತಾ ಇದಾಳೆ ಪಾಪ, ಆ ಊರಲ್ಲಿ ಗಿರಣಿ ಎಲ್ಲಿದೆ, ಅಲ್ಲಿನ ನರ್ಸುಗಳಿಗೇನ್ ತಿಳಿಯತ್ತೆ? ಕಿವುಡಿ, ಮೂಕಿ, ಹೆಸ್ರು ಗೊತ್ತಿಲ್ಲ ಅಂತ ಬರ್ಕೊಂಡ್ಬಿಟ್ಟಿದಾರೆ. ಹೆಸ್ರು ಹೇಳಿ ಫೋನ್ ಮಾಡಿದ್ರೆ ಇಲ್ಲ ಅನ್ನದೆ ಇನ್ನೇನ್ ಅಂತಾರೆ?"

ಸವೇಲಿಚ್ ಮೇಜು ಹಿಡಿದುಕೊಂಡ. "ನನ್ ಬಗ್ಗೆ ಕೇಳಿದ್ಲಾ?"

"ಕೇಳ್ದೆ ಇರ್ತಾಳಾ? 'ಆ ನಮ್ಮ ವಿಜ್ಞಾನಿ ಇದಾನಾ, ಅವನ ಹತ್ರ ಒಂದ್ ಮಾತಿದೆ' ಅಂದ್ಲು. ಆ ಮಾತು ಏನಂತ ಈ ಸಭೇಲಿ ತುಟೀಲೂ ಹೇಳಕ್ಕಾಗಲ್ಲ."

ಇಡೀ ಸಭೆ ನಕ್ಕಿತು, ನಮ್ಮ ರೀತಿಯಲ್ಲಿ: ಭುಜಗಳು ಕುಲುಕಿದವು, ಕಣ್ಣಲ್ಲಿ ನೀರು ಬಂತು, ಒಂದು ಪಿಸುಸದ್ದೂ ಹೊರಡಲಿಲ್ಲ. ಬಾಯಿಂದ ಮಾತು ಹೊರಡಕೂಡದು ಎಂಬ ಆಜ್ಞೆಯನ್ನು ಇಷ್ಟು ಅಕ್ಷರಶಃ ಪಾಲಿಸಿದ ಸಭೆ ಇನ್ನೊಂದಿರಲಾರದು.

ಲುಕೋಶ್ಕಿನ್‌ಗೆ ಕಂಡದ್ದು ಇಷ್ಟೆ: ಉಪನ್ಯಾಸಕನ ಬಾಯಿ ಆಡುತ್ತಿದೆ, ದನಿ ಬರುತ್ತಿಲ್ಲ. ಎದ್ದು ನನ್ನ ಕೋಣೆಗೆ ಧಾವಿಸಿದ.

"ದನಿ ಎಲ್ಲಯ್ಯಾ? ದನಿ ಎಲ್ಲಿ?"

"ಇಲ್ಲೇ ಎಲ್ಲೋ ಇತ್ತು ಕಾಮ್ರೇಡ್," ಎಂದು ನಾನು ಚೆನ್ನಾಗಿಯೇ ಇದ್ದ ಮೈಕಿನ ಪೆಟ್ಟಿಗೆಯ ಬೆನ್ನಿಗೆ ಗುದ್ದಿದೆ. "ಶನಿವಾರದ ಬಲವಾದ ಗಾಳಿಗೆ ತಂತಿ ಸಡಿಲ ಆಗಿರ್ಬೇಕು. ಋತುಮಾನಕ್ಕೆ ಸಹಜ."

ಅತ್ತ ಕಾಪಾ ಕೈ ಬೀಸುತ್ತಿದ್ದಳು. "ಇನ್ನೂ ಯಾಕೆ ಕಂಬದ ಹಾಗೆ ನಿಂತಿದೀಯ? ಓಡು! ಬಸ್ಸು ಹೋಗ್ಬಿಡತ್ತೆ!"

ಸವೇಲಿಚ್ ಕೈಯಲ್ಲಿದ್ದ ಹಾಳೆ ನೋಡಿದ, ಬಾಗಿಲು ನೋಡಿದ. ನಂತರ ಬಂಗಾರದ ಗಂಟಲನ್ನು ಎಲ್ಲಿಂದಲೋ ಹುಡುಕಿ ತಂದು ಗಟ್ಟಿಯಾಗಿ ಹೇಳಿದ: "ಕಾಮ್ರೇಡರೇ, ತಾಂತ್ರಿಕ ಕಾರಣದಿಂದ ಸ್ವಲ್ಪ ವಿರಾಮ." ಹಿಂದಿನ ಬಾಗಿಲಿನಿಂದ ಹೊರಟ. ಟೋಪಿ ಮರೆತ.

ಅವನು ಹೋದ ಮೇಲೆ ಎರಡನೆಯ ಸಾಲಿನವಳೊಬ್ಬಳು ನಿಧಾನವಾಗಿ ಹಿಂದೆ ತಿರುಗಿದಳು. "ಕಾಪಾ ಚಿಕ್ಕಮ್ಮ, ಅಲ್ಲಿ ನಮ್ಮ ಭಾವ ಇದ್ರಾ? ಬೋಳುತಲೆ, ಎಡಗಣ್ಣಿನ ಹತ್ರ ಮಚ್ಚೆ."

"ಮಚ್ಚೆ ನೋಡ್ಲಿಲ್ಲ ಕಣೇ, ತಲೆ ತುಂಬ ಬ್ಯಾಂಡೇಜು. ಆದ್ರೆ ಒಬ್ಬ ಮಾತ್ರ ವಾರ್ಡಿನವ್ರನ್ನೆಲ್ಲ ಸಾಲ ಕೇಳ್ತಾ ಇದ್ದ."

"ಅವ್ರೇ!" ಎಂದು ಅವಳು ಎದೆಗೆ ಕೈ ಒತ್ತಿಕೊಂಡಳು.

ಆಮೇಲೆ ಕಟ್ಟೆ ಒಡೆಯಿತು. ಗೋಡೆಯಿಂದ ಗೋಡೆಗೆ ಪ್ರಶ್ನೆ ಹೋದವು, ಉತ್ತರ ಬಂದವು. ಹಸಿರು ಲಂಗದ ಹುಡುಗಿ ರೈಲ್ವೆಯವರ ಆಸ್ಪತ್ರೆಯಲ್ಲಿದ್ದಾಳೆ. ಟ್ರಾಮ್ ಓಡಿಸುವ ಗ್ರೀಶಾನ ಬೆನ್ನು ಹೋಗಿದೆ, ಜೀವ ಇದೆ. ಸಮಾಧಿಗೆ ಹೂ ಇಡಲು ಹೋದ ಮುದುಕಿ ಸಮಾಧಿಯ ಹತ್ತಿರವೇ ಉಳಿದಳು. ಕೆಲವರು ಉತ್ತರ ತಿಳಿದು ಮುಖ ಮುಚ್ಚಿಕೊಂಡರು, ಪಕ್ಕದವರು ಅವರ ಬೆನ್ನು ಸವರಿದರು. ಊರಿಗೆ ಏನಾಯಿತೆಂದು ಊರಿಗೆ ಮೊದಲ ಬಾರಿ ತಿಳಿದದ್ದು, ಏನೂ ಆಗಿಲ್ಲವೆಂದು ತಿಳಿಸಲು ಕರೆದ ಸಭೆಯಲ್ಲಿ.

ನಾನು ತಂತಿ ಬಿಚ್ಚಿದೆ, ಕಟ್ಟಿದೆ, ಮತ್ತೆ ಬಿಚ್ಚಿದೆ. ಲುಕೋಶ್ಕಿನ್ ಕಿಂಡಿಯಲ್ಲಿ ಸಭೆಯನ್ನು ನೋಡಿ ಕರಗಿಹೋದ.

"ನೋಡಯ್ಯಾ! ವೇದಿಕೇಲಿ ಯಾರೂ ಇಲ್ಲ, ಆದ್ರೂ ಒಬ್ಬಳಾದ್ರೂ ಗುಸುಗುಸು ಅಂತಾಳಾ? ಎಂಥಾ ಶಿಸ್ತು! ಕೆಲವರಂತೂ ಅಳ್ತಿದಾರೆ. ಆ ಪಠ್ಯ ಬರೆದಿದ್ದು ನಾನೇ, ಗೊತ್ತಾ?"

"ನಿಮ್ಮ ಪಠ್ಯ ಕೇಳಿ ಅಳದೆ ಇರಕ್ಕಾಗತ್ತಾ ಕಾಮ್ರೇಡ್?" ಎಂದೆ.

ಆಸ್ಪತ್ರೆಯಲ್ಲಿ ನಡೆದದ್ದನ್ನು ಸವೇಲಿಚ್ ನನಗೆ ಆಮೇಲೆ ಹೇಳಿದ. ಒಳಗೆ ಬಿಡುವುದಿಲ್ಲವೆಂದರು; ಅವನ ಹತ್ತಿರ ಜಾಮ್ ಇರಲಿಲ್ಲ. ಕಾವಲಿನವಳಿಗೆ ಚಂದ್ರನ ಕಲೆಗಳ ಬಗ್ಗೆ ಶುರುಮಾಡಿದನಂತೆ. ತಾಳಲಾರದೆ ಒಳಗೆ ಬಿಟ್ಟಳು.

ಫಾಯಿನಾ ಕಾಲನ್ನು ಹಗ್ಗದಲ್ಲಿ ನೇತುಹಾಕಿಕೊಂಡು ಮಲಗಿದ್ದಳು. ಹಾಸಿಗೆಯ ತಲೆಯ ಮೇಲೆ "ಅಪರಿಚಿತೆ" ಎಂಬ ಹಲಗೆ. ಗಂಡನನ್ನು ನೋಡಿ ತುಟಿ ತೆರೆದಳು.

"ಬಂದ್ಯಾ, ಪಂಡಿತ."

ಅವನು ಹಾಸಿಗೆಯ ಅಂಚಿನಲ್ಲಿ ಕೂತು ತಾನೂ ತುಟಿ ಆಡಿಸಿದ. ಇಬ್ಬರಲ್ಲೂ ದನಿಯಿಲ್ಲ.

"ಕಂಬ ಬರ್ತಾ ಇರೋದು ನಂಗೆ ಕಾಣಿಸ್ತು," ಎಂದಳು. "ಪಕ್ಕದ ತೋಟದವಳು 'ಹಳ್ಳಕ್ಕೆ ಹಾರ್ಕೊಳೇ ಫಾಯಾ' ಅಂತ ಎಳದ್ಲು. ನಾನು ಅಂದೆ, ನಮ್ಮನೆಯವ್ರು ಓದಿದಾರೆ, ಅದಕ್ಕೆ ಬೇಕಾದ ಪರಿಸ್ಥಿತಿ ನಮ್ಮಲ್ಲಿಲ್ಲ ಅಂತ."

"ಆಮೇಲೆ?"

"ಆಮೇಲೆ ಪರಿಸ್ಥಿತಿ ಬಂತು."

"ಅವಳು?"

"ಹಳ್ಳದಲ್ಲಿದ್ಲು, ಒಂದು ಗೀರೂ ಇಲ್ಲ. ಅವಳಿಗೆ ಗಂಡ ಇಲ್ಲ ನೋಡು, ಬುದ್ಧಿ ಸ್ವಂತದ್ದು."

ಸವೇಲಿಚ್ ಅವಳ ಅಂಗೈಯಲ್ಲಿ ಮುಖವಿಟ್ಟು ಅತ್ತ. ಮುಖ ಕೆಳಗಿದ್ದರೆ ಅವಳ ತುಟಿ ಕಾಣುವುದಿಲ್ಲವಲ್ಲ. ಅವಳು ಕಿವಿ ಹಿಂಡಿ ಮುಖ ಎತ್ತಿಸಿದಳು. ಅವನು ಇನ್ನು ಮೇಲೆ ಬಾಯಿ ಬಿಡುವುದಿಲ್ಲ, ಉಪನ್ಯಾಸ ಬಿಟ್ಟು ಗೋದಾಮಿನಲ್ಲಿ ಮೂಟೆ ಹೊರುತ್ತೇನೆ ಎಂದ. ಸಭೆಯಲ್ಲಿ ನಡೆದದ್ದನ್ನೂ ಹೇಳಿದ. ಫಾಯಿನಾ ಕಿಟಕಿಯ ಕಡೆ ಕಣ್ಣು ಹಾಯಿಸಿದಳು.

"ಈ ವಾರ್ಡಲ್ಲೇ ನೋಡು," ಎಂದಳು, "ಆ ಕಿಟಕಿ ಹತ್ರದವಳು ಬೇರೆ ಗಿರಣಿಯವಳು. ಅವಳಿಲ್ಲಿದಾಳೆ ಅಂತ ಅವಳ ಮನೆಯವ್ರಿಗೆ ಗೊತ್ತಿಲ್ಲ. ಎಷ್ಟ್ ಗಿರಣಿ ಇದೆ ಊರಲ್ಲಿ? ನೀನು ಉಪನ್ಯಾಸ ಬಿಡಬೇಡ. ಹೋಗಿ ಓದು. ಏನೂ ಆಗಿಲ್ಲ ಅಂತ್ಲೇ ಓದು. ಒಂದ್ಸಲಾನಾದ್ರೂ ನಿನ್ನ ಸುಳ್ಳಿಂದ ಯಾರಿಗಾದ್ರೂ ಉಪಯೋಗ ಆಗ್ಲಿ. ನಿಧಾನಕ್ಕೆ ಓದು, ಗೊತ್ತಾಯ್ತಾ? ನೀನು ಬೇಗ ಮುಗಿಸ್ದೆ ಅಂದ್ರೆ ಅವ್ರ ಮಾತು ಅರ್ಧಕ್ಕೆ ನಿಲ್ಲತ್ತೆ."

ಬಿಡುವ ಮಾತೇ ಇರಲಿಲ್ಲ, ಬಿಡಿ. ಲುಕೋಶ್ಕಿನ್ ವರದಿ ಮೇಲೆ ಹೋಗಿ, ಮೇಲಿನಿಂದ ಅಪ್ಪಣೆ ಕೆಳಗೆ ಬಂದಿತ್ತು: ಅದೇ ಉಪನ್ಯಾಸ ಊರಿನ ಎಲ್ಲ ಗಿರಣಿಗಳಲ್ಲೂ ಆಗಬೇಕು, ಮೈಕಿನವನೂ ಜೊತೆಗೆ ಹೋಗಬೇಕು. ಹೋದೆವು. ಅಂಥ ಜನ ನಾವು ಕಂಡಿರಲಿಲ್ಲ. ಮೊದಲು ಬಾಗಿಲು ಹಾಕಿ ಕೂರಿಸಬೇಕಾಗಿತ್ತು, ಈಗ ಬಾಗಿಲು ಹಾಕಿ ತಡೆಯಬೇಕಾಯಿತು. ಬಾಗಿಲ ಮುಂದೆ ಕ್ಯೂ ನಿಂತಿತು. ಕ್ಯೂ ಕಂಡು ಬೂಟು ಮಾರಾಟಕ್ಕೆ ಬಂದಿರಬಹುದೆಂದು ಇನ್ನಷ್ಟು ಜನ ಸೇರಿಕೊಂಡರು, ಉಪನ್ಯಾಸವೆಂದು ತಿಳಿದೂ ಕದಲಲಿಲ್ಲ. ನಿವೃತ್ತರಾದ ಅಜ್ಜಿಯರು ಕೂಡ ಬಂದು ಋತುಮಾನಕ್ಕೆ ಸಹಜವಾದ ಗಾಳಿಯ ಬಗ್ಗೆ ಕೇಳಿಸಿಕೊಂಡರು. ಅವರಲ್ಲಿ ಬಹಳ ಮಂದಿಗೆ ಕಿವಿ ಕೇಳುತ್ತಿರಲಿಲ್ಲ. ಸವೇಲಿಚ್ ಹಾಳೆಯಿಂದ ಕಣ್ಣೆತ್ತದೆ, ಪ್ರತಿ ಅಲ್ಪವಿರಾಮಕ್ಕೂ ನಿಂತು, ನೀರು ಕುಡಿದು, ಕೆಮ್ಮಿ, ಓದುತ್ತಿದ್ದ. ಅವನ ಮುಂದೆ ನೂರಾರು ತುಟಿಗಳು ಕಳೆದುಹೋದವರನ್ನು ಹುಡುಕುತ್ತಿದ್ದವು. ಲುಕೋಶ್ಕಿನ್‌ಗೆ ಬಡ್ತಿಯ ಮಾತು ನಡೆಯಿತು.

ಊರಂಚಿನ ಒಂದು ಸಣ್ಣ ಗಿರಣಿಯಲ್ಲಿ ಓದು ಅರ್ಧಕ್ಕೆ ಬಂದಿತ್ತು. ಹಿಂದಿನ ಗೋಡೆಯ ಹತ್ತಿರ ಒಬ್ಬ ಹೆಂಗಸು ಎದ್ದು ನಿಂತಳು. ಕೆಲಸದ ಏಪ್ರನ್ ಇನ್ನೂ ಬಿಚ್ಚಿರಲಿಲ್ಲ.

"ನಮ್ ಲೀದಾ," ಅವಳ ತುಟಿ ಹೇಳಿತು. "ಚುಕ್ಕಿ ಚುಕ್ಕಿ ಫ್ರಾಕು. ಹೊಸಾ ಚಪ್ಪಲಿ. ಗೆಳತಿಯರ ಜೊತೆ ನದೀಗೆ ಅಂತ ಹೋದ್ಲು. ಯಾರಾದ್ರೂ ನೋಡಿದ್ರಾ?"

ಎಲ್ಲರೂ ತಿರುಗಿದರು. ಯಾವ ತುಟಿಯೂ ಆಡಲಿಲ್ಲ. ಇಬ್ಬರು ಮೂವರು ತುಟಿಯನ್ನು ಒಳಗೆ ಮಡಚಿ ಹಲ್ಲಿನಲ್ಲಿ ಕಚ್ಚಿಕೊಂಡರು. ಅವರಿಗೆ ಗೊತ್ತಿತ್ತು.

ನನ್ನ ಪಕ್ಕದಲ್ಲಿ ಲುಕೋಶ್ಕಿನ್ ಪಿಸುಗುಟ್ಟಿದ: "ಇವತ್ತಿನಷ್ಟು ನಿಶ್ಶಬ್ದ ಎಲ್ಲೂ ಇರ್ಲಿಲ್ಲ. ಅದ್ಭುತ. ಸರಿನಾ?"

ಅವನ ದನಿಯನ್ನು ಅಣಕಿಸುವ ಮನಸ್ಸು ನನಗಾಗಲಿಲ್ಲ.

ಸವೇಲಿಚ್ ಕೊನೆಯ ಹಾಳೆ ಮುಗಿಸಿದ. ವಂದನೆ ಹೇಳಿ ಇಳಿಯಬೇಕಿತ್ತು. ಹೇಳಿದ್ದರೆ ಜನ ಎದ್ದು ಅವಳನ್ನು ದಾಟಿಕೊಂಡು ಮನೆಗೆ ಹೋಗಬೇಕಾಗುತ್ತಿತ್ತು. ಅವನು ಹಾಳೆಗಳನ್ನು ತಿರುವಿಹಾಕಿ ಮತ್ತೆ ಮೊದಲಿನಿಂದ, ಇನ್ನೂ ನಿಧಾನವಾಗಿ ಓದತೊಡಗಿದ. ಹಿಂದಿನ ಬೆಂಚಿನವರು ಸರಿದು ಅವಳಿಗೆ ಜಾಗ ಮಾಡಿದರು. ಅವಳು ಕೂರಲಿಲ್ಲ, ಸಾಲು ಸಾಲಾಗಿ ತುಟಿಗಳನ್ನು ನೋಡುತ್ತಾ ನಿಂತಿದ್ದಳು.